ಶಾಸನಗಳೊಳಗಣ ಅಪರಿಚಿತರು

ಕನ್ನಡ ನಾಡಿನ ಯಾವುದಾದರೊಂದು ದಾನಶಾಸನವನ್ನು ಮೊದಲಿನಿಂದ ಕೊನೆಯವರೆಗೆ ಸಾವಧಾನವಾಗಿ ಓದಿದವರಿಗೆ, ಅದು ಮೇಲಿನಿಂದ ಕೆಳಕ್ಕೆ ಇಳಿಯುವ ಒಂದು ಕ್ರಮವನ್ನು ಅನುಸರಿಸಿರುವುದು ಗೋಚರಿಸದೆ ಇರದು. ಮಂಗಳಶ್ಲೋಕದಿಂದ ತೊಡಗಿ, ಚಕ್ರವರ್ತಿಯ ಬಿರುದಾವಳಿಯನ್ನು ಪಂಕ್ತಿಪಂಕ್ತಿಯಾಗಿ ವಿಸ್ತರಿಸಿ, ಮಹಾಮಂಡಲೇಶ್ವರನ ವಂಶವನ್ನೂ ದಂಡನಾಯಕನ ಪರಾಕ್ರಮವನ್ನೂ ಕೊಂಡಾಡಿ, ಶಕವರ್ಷ ತಿಥಿ ವಾರ ಸಂಕ್ರಮಣಗಳನ್ನು ನಮೂದಿಸಿದ ಮೇಲಷ್ಟೆ ಅದು ಊರಿನ ನೆಲವನ್ನು ಮುಟ್ಟುತ್ತದೆ. ಕೆರೆಯ ಕೋಡಿಯ ತೆಂಕಣ ಗದ್ದೆ, ಮೂಡಣ ದಿಕ್ಕಿನ ನಟ್ಟ ಕಲ್ಲು, ಗಾಣಕ್ಕೆ ಇಂತಿಷ್ಟು ಎಣ್ಣೆ, ಹೇರಿಗೆ ಇಂತಿಷ್ಟು ಅಡಕೆ, ಒಪ್ಪಿ ನಿಂತ ಗಾವುಂಡುಗಳು, ಬರೆದ ಸೇನಬೋವ, ಕಂಡರಿಸಿದ ಓಜ, ಇವರೆಲ್ಲರೂ ಅಲ್ಲಿಯ ವಾಸಿಗಳು. ಕಳೆದ ಎರಡು ಶತಮಾನಗಳಿಗೂ ಮೀರಿದ ಅವಧಿಯಲ್ಲಿ ನಮ್ಮ ಶಾಸನಾಧ್ಯಯನವು ಸವೆಸಿದ ದಾರಿಯೂ ಇದೇ ಇಳಿತದ ದಾರಿಯೆಂಬುದು ನನ್ನ ಅಭಿಪ್ರಾಯ. ಅರಸನ ವಂಶಾವಳಿಯನ್ನು ಹುಡುಕಲೆಂದು ಹೊರಟ ವಿದ್ಯೆಯು, ಬಹುಕಾಲದ ಮೇಲೆ, ಕಲ್ಲಿನ ಕೆಳಭಾಗದಲ್ಲಿ ಹೆಸರು ಮಾತ್ರ ಉಳಿಸಿಹೋದವರ ಬಳಿಗೆ ಬಂದು ತಲಪಿದೆ.

೧೭೯೯ರಲ್ಲಿ ಶ್ರೀರಂಗಪಟ್ಟಣವು ಪತನವಾದ ತರುವಾಯ ಮೈಸೂರು ಸೀಮೆಯ ಮೋಜಣಿಗೆ ನಿಯುಕ್ತನಾದ ಕಾಲಿನ್ ಮೆಕೆಂಜಿಯು ಭೂಮಿಯನ್ನು ಅಳೆಯುವುದರೊಡನೆ ಆ ಭೂಮಿಯ ನೆನಪುಗಳನ್ನೂ ಸಂಗ್ರಹಿಸತೊಡಗಿದನು. ಈ ಕಾರ್ಯದ ಕೀರ್ತಿ ಅವನ ಹೆಸರಿಗೆ ಸಂದಿದೆಯಾದರೂ, ಊರೂರು ತಿರುಗಿ ಶಾನುಭೋಗರನ್ನೂ ವೃದ್ಧರನ್ನೂ ಮಾತನಾಡಿಸಿ ಕೈಫಿಯತ್ತುಗಳನ್ನು ಬರೆಯಿಸಿಕೊಂಡವರು ಕಾವಲಿ ವೆಂಕಟ ಬೊರಯ್ಯ, ಅವನ ತಮ್ಮ ಲಕ್ಷ್ಮಯ್ಯ ಮೊದಲಾದ ದೇಶೀಯ ಸಹಾಯಕರು. ಹಳಗನ್ನಡದ ಲಿಪಿಯನ್ನು ಓದಿ ಅರ್ಥ ಹೇಳಬಲ್ಲವನಾಗಿ ಮೆಕೆಂಜಿಗೆ ದೊರೆತವನು ಮಲೆಯೂರಿನ ಜೈನ ಪಂಡಿತ ಧರ್ಮಯ್ಯ. ಕನ್ನಡ ಶಾಸನಗಳ ಆಧುನಿಕ ಅಧ್ಯಯನಕ್ಕೆ ಮೊದಲ ಕಣ್ಣಾದವನು ಈ ಧರ್ಮಯ್ಯನೆಂದರೆ ಅತಿಶಯೋಕ್ತಿಯಾಗಲಾರದು. ಅನ್ಯರ ಬಾಳನ್ನು ಓದಿಕೊಟ್ಟ ಈತನ ಸ್ವಂತ ಬಾಳಿನ ವಿವರಗಳು ಮೆಕೆಂಜಿಯ ಕಾಗದಪತ್ರಗಳ ಸಂದುಗಳಲ್ಲಿ ಮಾತ್ರ ಚದರಿ ಉಳಿದಿರುವುದು ಖೇದಕರ.

ಆ ಕಾಲದ ಪ್ರತಿಗಳೆಲ್ಲ ಕಣ್ಣಿನಿಂದ ನೋಡಿ ಕೈಯಿಂದ ಬರೆದವು. ಓದುವವನ ಊಹೆಯೂ ಕಲ್ಲಿನ ಅಕ್ಷರವೂ ಅವುಗಳಲ್ಲಿ ಬೆರೆತುಹೋಗಿರುತ್ತಿದ್ದವು. ವಾಲ್ಟರ್ ಎಲಿಯಟ್ ಉತ್ತರದ ಜಿಲ್ಲೆಗಳಲ್ಲಿ ಕೂಡಿಸಿದ ದೊಡ್ಡ ಸಂಗ್ರಹಕ್ಕೂ ಈ ಮಿತಿಯುಂಟು. ಇದನ್ನು ದಾಟಿಸಿದ್ದು ಪಡಿಯಚ್ಚು. ಕಲ್ಲಿನ ಪಾಚಿಯನ್ನೂ ಮಣ್ಣನ್ನೂ ನೀರು ಹಾಕಿ ಉಜ್ಜಿ ತೆಗೆದು, ನೆನಸಿದ ಕಾಗದವನ್ನು ಅದರ ಮೇಲೆ ಹಾಸಿ, ಒರಟು ಕೂದಲಿನ ಕುಂಚದಿಂದ ಒಂದೇ ಸಮನೆ ಬಡಿಯುತ್ತ ಹೋದರೆ, ಕಾಗದವು ಅಕ್ಷರದ ಪ್ರತಿಯೊಂದು ತಗ್ಗಿನೊಳಕ್ಕೂ ಇಳಿದು ಕೂರುತ್ತದೆ. ಆಮೇಲೆ ಮಸಿಯ ಗಂಟಿನಿಂದ ಮೆಲ್ಲನೆ ಒತ್ತಿದಾಗ ಉಬ್ಬಿದ ಭಾಗವೆಲ್ಲ ಕಪ್ಪಾಗಿ, ತಗ್ಗಿನಲ್ಲಿರುವ ಅಕ್ಷರಗಳು ಬೆಳ್ಳಗೆ ಉಳಿಯುತ್ತವೆ. ಒಣಗಿದ ಹಾಳೆಯನ್ನು ಹರಿಯದಂತೆ ಬಿಡಿಸಿಕೊಳ್ಳುವ ಹದವನ್ನು ಕೈಯೇ ಕಲಿಯಬೇಕು. ಜೆ. ಎಫ್. ಫ್ಲೀಟ್ ಇಂಥ ಅಚ್ಚುಗಳ ಪ್ರತಿಕೃತಿಗಳನ್ನು, ೧೮೭೨ರಲ್ಲಿ ಆರಂಭವಾದ ಇಂಡಿಯನ್ ಆಂಟಿಕ್ವರಿಯಲ್ಲಿ ಪಾಠದೊಡನೆ ಪ್ರಕಟಿಸಿದ್ದರಿಂದ, ಸಂಪಾದಕನ ಓದನ್ನು ಓದುಗನೇ ಪರೀಕ್ಷಿಸುವ ಅವಕಾಶವು ಮೊದಲ ಬಾರಿಗೆ ಒದಗಿತು. ಅಪರಿಚಿತನೊಬ್ಬನ ಹೆಸರಿನ ಒಂದು ಅಕ್ಷರ ತಪ್ಪಿದರೆ ಅವನು ಬೇರೆಯೇ ಮನುಷ್ಯನಾಗಿಬಿಡುತ್ತಾನೆ. ಪ್ರಸಿದ್ಧ ಅರಸನ ಹೆಸರನ್ನಾದರೆ ನೂರು ಬೇರೆ ಶಾಸನಗಳು ತಿದ್ದಿಯಾವು, ಸಾಮಾನ್ಯನಿಗೆ ಆ ಒಂದು ಕಲ್ಲಲ್ಲದೆ ಬೇರೆ ಆಸರೆಯಿಲ್ಲ. ಆದಕಾರಣ ಪಡಿಯಚ್ಚಿನ ಉಪಕಾರವು ಅರಸರಿಗಿಂತ ಮಿಗಿಲಾಗಿ ಇಂಥವರಿಗೇ ಆಗಿದೆಯೆಂದು ನಾನು ಭಾವಿಸುತ್ತೇನೆ.

ಬೆಂಗಳೂರಿನಲ್ಲಿಯೇ ಹುಟ್ಟಿದ ಬಿ. ಎಲ್. ರೈಸ್ ಅವರ ಸಾಧನೆಯನ್ನು ಎಷ್ಟು ಸ್ಮರಿಸಿದರೂ ಕಡಮೆಯೇ. ೧೮೮೬ರಲ್ಲಿ ಕೊಡಗಿನ ಶಾಸನಗಳಿಂದ ಮೊದಲಾದ ಎಪಿಗ್ರಾಫಿಯಾ ಕರ್ಣಾಟಿಕಾದ ಹನ್ನೆರಡು ಸಂಪುಟಗಳು ಮುಂದಿನ ಎರಡು ದಶಕಗಳೊಳಗಾಗಿ ಹೊರಬಂದು, ಒಂಬತ್ತು ಸಾವಿರಕ್ಕೆ ಸಮೀಪಿಸುವ ಶಾಸನಗಳನ್ನು ತಾಲ್ಲೂಕುವಾರು ಬೆಳಕಿಗೆ ತಂದವು. ರೈಸ್ ಅವರ ಮುಖ್ಯ ದೃಷ್ಟಿ ರಾಜವಂಶಗಳ ಕಾಲಾನುಕ್ರಮದ ಮೇಲಿತ್ತು. ೧೯೦೯ರಲ್ಲಿ ಅವರು ಪ್ರಕಟಿಸಿದ, ಶಾಸನಗಳ ಆಧಾರದಿಂದ ಮೈಸೂರು ಮತ್ತು ಕೊಡಗುಗಳ ಚರಿತ್ರೆಯನ್ನು ಹೇಳುವ ಗ್ರಂಥವೇ ಅದಕ್ಕೆ ಸಾಕ್ಷಿ. ಆದರೂ, ಅರಸನ ಹೆಸರಿಲ್ಲದ, ಊರ ತುರುಗಳನ್ನು ಮರಳಿಸಿ ಇಂಥವನು ಸತ್ತನೆಂದು ಒಂದೆರಡು ಸಾಲುಗಳಲ್ಲಿ ಮುಗಿಯುವ ವೀರಗಲ್ಲುಗಳನ್ನೂ ಅವರು ಕೈಬಿಡಲಿಲ್ಲ. ತಾವು ಕೇಳದೆ ಇದ್ದ ಪ್ರಶ್ನೆಗಳಿಗೂ ಉತ್ತರವನ್ನು ಅಚ್ಚುಹಾಕಿಸಿಟ್ಟು ಹೋದ ಈ ಔದಾರ್ಯವು ವಿದ್ವತ್ತಿನಲ್ಲಿ ವಿರಳ.

೧೯೦೬ರಲ್ಲಿ ಅವರ ಸ್ಥಾನಕ್ಕೆ ಬಂದ ಆರ್. ನರಸಿಂಹಾಚಾರ್ಯರಲ್ಲಿ ಪಂಡಿತನ ಸೂಕ್ಷ್ಮತೆಯೂ ಕ್ಷೇತ್ರಸಂಚಾರಿಯ ಶ್ರಮಸಹಿಷ್ಣುತೆಯೂ ಕೂಡಿದ್ದವು. ಶ್ರವಣಬೆಳಗೊಳದಲ್ಲಿ ರೈಸ್ ಅವರು ೧೮೮೯ರಲ್ಲಿ ೧೪೪ ಶಾಸನಗಳನ್ನು ಪ್ರಕಟಿಸಿದ್ದರೆ, ೧೯೨೩ರ ಪರಿಷ್ಕೃತ ಸಂಪುಟದಲ್ಲಿ ನರಸಿಂಹಾಚಾರ್ಯರು ಅವನ್ನು ೫೦೦ಕ್ಕೆ ಏರಿಸಿದರು. ಬೇಗೂರಿನಲ್ಲಿ ಬೆಂಗಳೂರ ಕಾಳಗವನ್ನು ಹೆಸರಿಸುವ ಶಾಸನವನ್ನು ಹೊರಗೆಳೆದವರು ಅವರೇ. ಇಂದು ಆ ಶಾಸನವನ್ನು ಎಲ್ಲರೂ ಸ್ಮರಿಸುವುದು ನಗರದ ಹೆಸರಿನ ಪ್ರಾಚೀನತೆಗಾಗಿ. ಆ ಕಾಳಗದಲ್ಲಿ ಮಡಿದನೆಂದು ಅದು ಹೇಳುವ ಬುಟ್ಟಣಸೆಟ್ಟಿಯ ಹೆಸರನ್ನೂ ಅದರೊಡನೆ ಸ್ಮರಿಸುವುದು ನ್ಯಾಯ, ಏಕೆಂದರೆ ಆ ಕಲ್ಲು ಆತನಿಗಾಗಿ ನಿಂತದ್ದು.

ಬೇಲೂರಿನ ಶಿಲಾಬಾಲಿಕೆಯರ ಪೀಠಗಳ ಮೇಲಿನ ಕಿರುಬರಹಗಳನ್ನು ನರಸಿಂಹಾಚಾರ್ಯರು ತಾಳ್ಮೆಯಿಂದ ಬರೆದುಕೊಂಡದ್ದರಿಂದ, ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದ ರೂವಾರಿಗಳು ಊರು, ತಂದೆ, ಬಿರುದುಗಳ ಸಮೇತ ಚರಿತ್ರೆಯೊಳಕ್ಕೆ ಬಂದರು. ಭಾರತದ ಶಿಲ್ಪಿಗಳೆಲ್ಲ ಅನಾಮಿಕರೆಂಬ ಮಾತನ್ನು ಕನ್ನಡಿಗರಂತೂ ಆಡುವ ಹಾಗಿಲ್ಲ. ಆದರೆ ಹೆಸರು ಸಿಕ್ಕಮಾತ್ರಕ್ಕೆ ಮನುಷ್ಯನು ಸಿಕ್ಕಿದನೇ? ಮಲ್ಲಿತಮ್ಮನೆಂಬ ಅಂಕಿತವು ಹನ್ನೆರಡನೆಯ ಶತಮಾನದ ಕೊನೆಯ ಅಮೃತಾಪುರದಲ್ಲಿಯೂ, ೧೨೪೬ರ ನುಗ್ಗೇಹಳ್ಳಿಯಲ್ಲಿಯೂ, ಅದಕ್ಕೂ ಈಚಿನ ಸೋಮನಾಥಪುರದಲ್ಲಿಯೂ ಕಾಣಿಸುತ್ತದೆ. ಅರುವತ್ತು ವರ್ಷಗಳನ್ನೂ ಮೀರುವ ಈ ಅವಧಿಯುದ್ದಕ್ಕೂ ಉಳಿಯನ್ನು ಹಿಡಿದವನು ಒಬ್ಬನೇ ದೀರ್ಘಾಯುವೋ, ತಾತನ ಹೆಸರನ್ನು ಹೊತ್ತ ಮೊಮ್ಮಗನೋ, ಒಂದೇ ಮನೆತನದ ಹಲವರೋ? ಅಂಕಿತದ ಅಕ್ಷರವಟಿಕೆ, ವಿಗ್ರಹದ ಆಭರಣವಿನ್ಯಾಸ, ಬಳ್ಳಿಯ ಸುರುಳಿ ಇವನ್ನೆಲ್ಲ ಹೋಲಿಸಿ ನೋಡಿದವರೂ ಒಂದೇ ನಿರ್ಣಯಕ್ಕೆ ಬಂದಿಲ್ಲ. ಎರಡು ಬರಹಗಳಲ್ಲಿ ಒಂದೇ ಹೆಸರು ಕಂಡೊಡನೆ ಅವನ್ನು ಒಂದು ಬಾಳಾಗಿ ಹೆಣೆಯಬೇಕೆಂಬ ಆತುರವು ಪ್ರತಿಯೊಬ್ಬ ಸಂಶೋಧಕನನ್ನೂ ಕಾಡುತ್ತದೆ. ಸ್ಥಳ, ಕಾಲ, ಬಂಧುತ್ವ, ವೃತ್ತಿಗಳಲ್ಲಿ ಎರಡಾದರೂ ಹೊಂದದ ಹೊರತು ಹಾಗೆ ಹೆಣೆಯದಿರುವುದೇ ಶ್ರೇಯಸ್ಕರ.

ಮುಂದಿನ ದಶಕಗಳಲ್ಲಿ ಸಂಗ್ರಹದ ಕಾರ್ಯವು ನಾನಾ ಕೇಂದ್ರಗಳಿಗೆ ಹರಡಿತು. ಎಂ. ಎಚ್. ಕೃಷ್ಣ ಅವರು ೧೯೩೬ರ ಮೈಸೂರು ಪುರಾತತ್ತ್ವ ವರದಿಯಲ್ಲಿ ಹಲ್ಮಿಡಿಯ ಶಾಸನವನ್ನು ಪ್ರಕಟಿಸಿದರು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯೂ ಕೇಂದ್ರ ಸರ್ಕಾರದ ಶಾಸನ ಶಾಖೆಯೂ ಮುಂಬಯಿ, ಮದರಾಸು ಪ್ರಾಂತಗಳ ಕನ್ನಡ ಶಾಸನಗಳನ್ನು ಸಂಪುಟಗಳಾಗಿ ಹೊರತಂದವು. ೧೯೭೦ರ ದಶಕದಿಂದೀಚೆಗೆ ಮೈಸೂರು ವಿಶ್ವವಿದ್ಯಾನಿಲಯವು ರೈಸ್ ಅವರ ಸಂಪುಟಗಳನ್ನೇ ಪರಿಷ್ಕರಿಸಿ ವಿಸ್ತರಿಸಿದಾಗ ಶ್ರವಣಬೆಳಗೊಳದ ಶಾಸನಗಳ ಸಂಖ್ಯೆ ೫೭೩ನ್ನು ಮುಟ್ಟಿತು.

ನಿಜವಾದ ತಿರುವು ಓದಿನ ರೀತಿಯಲ್ಲಿ ಬಂದಿತು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವು ೧೯೬೬ರಲ್ಲಿ ಪ್ರಕಟವಾದಾಗ, ಕ್ರಿ.ಶ. ೪೫೦ರಿಂದ ೧೧೫೦ರವರೆಗಿನ ಅವೇ ಕಲ್ಲುಗಳಿಂದ, ಸ್ವಾಮಿಗಾಗಿ ಪ್ರಾಣ ಕೊಡುತ್ತೇನೆಂದು ವೇಳೆಗೊಂಡ ಭಟರು, ತುರುಗೊಳಿನಲ್ಲಿ ಮಡಿದ ಊರಾಳುಗಳು, ಮಾಸ್ತಿಯರು, ಅಗ್ರಹಾರದ ಉಪಾಧ್ಯಾಯರು ಗುಂಪುಗುಂಪಾಗಿ ಎದ್ದುಬಂದರು. ಈ ವ್ಯತ್ಯಾಸವನ್ನು ಆತಕೂರಿನ ಶಾಸನವೊಂದೇ ತೋರಿಸಬಲ್ಲದು. ಹತ್ತನೆಯ ಶತಮಾನದ ನಡುವಣ ಆ ಕಲ್ಲನ್ನು ಮೊದಲ ತಲೆಮಾರಿನವರು ಓದಿದ್ದು, ತಕ್ಕೋಲದ ಕಾಳಗದಲ್ಲಿ ಗಂಗ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದ ಸಂಗತಿಗಾಗಿ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲನಿರ್ಣಯಕ್ಕಾಗಿ. ಆದರೆ ಕಲ್ಲು ನಿಂತಿರುವುದು ಆ ಕಾಳಗಕ್ಕಾಗಿ ಅಲ್ಲ. ಬೂತುಗನು ಮೆಚ್ಚಿ ಬೇಡಿಕೊಳ್ಳೆಂದಾಗ, ಅವನ ಭಟನಾದ ಮಣಲೆರನು ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಬೆಳತೂರ ಬೆಟ್ಟದ ಬಳಿ ಒಂದು ಹೆಗ್ಗಾಡುಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಡನೆ ಕಾದಿ ಸತ್ತವು. ಚಲ್ಲೇಶ್ವರನ ಮುಂದೆ ಕಲ್ಲು ನಿಂತಿತು, ಅದಕ್ಕೆ ಭೂಮಿಯನ್ನು ಬಿಡಲಾಯಿತು, ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಣಬಾರದೆಂಬ ಕಟ್ಟಳೆಯಾಯಿತು. ಊರನ್ನೋ ಬಿರುದನ್ನೋ ಬೇಡಬಹುದಾಗಿದ್ದ ಘಳಿಗೆಯಲ್ಲಿ ನಾಯಿಯನ್ನು ಬೇಡಿದ ಮಣಲೆರನ ಮನಸ್ಸು, ರಾಜಾದಿತ್ಯನ ಮರಣದಷ್ಟೇ ದೊಡ್ಡ ಐತಿಹಾಸಿಕ ಸತ್ಯವೆಂದು ಒಪ್ಪಲು ನಮಗೆ ಹತ್ತಿರಹತ್ತಿರ ಒಂದು ಶತಮಾನ ಹಿಡಿಯಿತು.

ಹೆಗ್ಗಡದೇವನಕೋಟೆ ಸೀಮೆಯ ಬೆಳತೂರಿನ ೧೦೫೭ರ ಶಾಸನವು ಇದಕ್ಕಿಂತ ಕಠಿಣವಾದ ಓದನ್ನು ಬೇಡುತ್ತದೆ. ನುಗುನಾಡಿನ ರವಿಗನ ಮಗಳು ದೇಕಬ್ಬೆಯನ್ನು ನವಲೆನಾಡಿನ ಏಚನಿಗೆ ಕೊಟ್ಟಿತ್ತು. ಏಚನು ಮಲ್ಲಯುದ್ಧದಲ್ಲಿ ದಾಯಾದಿಯನ್ನು ಕೊಂದನೆಂದು ತಲಕಾಡಿನಲ್ಲಿ ರಾಜಾಜ್ಞೆಯಿಂದ ಅವನನ್ನು ವಧಿಸಿದರು. ಸುದ್ದಿಯನ್ನು ಕೇಳಿದ ದೇಕಬ್ಬೆಯು, ಹೆತ್ತವರೂ ಬಂಧುಗಳೂ ಬೇಡವೆಂದು ತಡೆದರೂ, ದಾನಗಳನ್ನು ಮಾಡಿ ಅಗ್ನಿಪ್ರವೇಶ ಮಾಡಿದಳು. ಕಲ್ಲನ್ನು ನಿಲ್ಲಿಸಿದವನು ತಂದೆ. ಪದ್ಯಗಳನ್ನು ಕಟ್ಟಿದವನು ಮಲ್ಲನೆಂಬ ಕವಿ. ಹಳಗನ್ನಡದ ಉತ್ತಮ ಕಾವ್ಯಭಾಗಗಳಲ್ಲಿ ಒಂದೆಂದು ಇದನ್ನು ತರಗತಿಗಳಲ್ಲಿ ಪಾಠ ಹೇಳಿದ್ದುಂಟು, ಅದು ಯೋಗ್ಯವೂ ಹೌದು. ಆದರೆ ದೇಕಬ್ಬೆಯ ಅಂತರಂಗವು ನಮಗೆ ದೊರೆಯುವುದು ಮಗಳನ್ನು ಕಳೆದುಕೊಂಡ ತಂದೆಯ ಕೃಪೆಯಿಂದ, ಪ್ರಶಂಸೆಯನ್ನೇ ಧರ್ಮವಾಗಿ ಉಳ್ಳ ಕವಿಯ ಬಾಯಿಂದ. ಆ ಪ್ರಶಂಸೆಯನ್ನು ನಾವು ಪುನರುಚ್ಚರಿಸಬೇಕಾಗಿಲ್ಲ. ಹೆತ್ತವರು ತಡೆದರೆಂಬುದನ್ನು ಕವಿ ಮುಚ್ಚಿಡದೆ ಹಾಡಿದನೆಂಬುದನ್ನು ಗಮನಿಸಿ, ಬೆಂಕಿಯ ಮುಂದೆ ನಿಂತ ಆ ಕುಟುಂಬದ ಸಂಕಟವನ್ನು ಅಲ್ಲಿಂದ ಕಾಣಬೇಕು.

ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸಲ್ಲೇಖನದಿಂದ ಮುಡಿಪಿದ ಮುನಿಗಳ, ಕಂತಿಯರ, ಶ್ರಾವಕಿಯರ ನಿಸಿಧಿಗಳನ್ನು ಕುರಿತು ಷ. ಶೆಟ್ಟರ್ ಅವರು ೧೯೮೦ರ ದಶಕದಲ್ಲಿ ನಡೆಸಿದ ಅಧ್ಯಯನವು ಈ ಮಾರ್ಗದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಏಳನೆಯ ಶತಮಾನದಿಂದ ಮೊದಲ್ಗೊಂಡು ಆ ಬಂಡೆಗಳ ಮೇಲೆ ಸಾಲುಗೊಂಡ ಬರಹಗಳನ್ನು ಅವರು ಬರಿಯ ಪಟ್ಟಿಯಾಗಿ ನೋಡದೆ, ಯಾರು ಯಾರ ಶಿಷ್ಯರು, ಎಲ್ಲಿಂದ ಬಂದರು, ಯಾವ ವ್ರತದಿಂದ ದೇಹ ಬಿಟ್ಟರು, ಅವರಿಗಾಗಿ ಕಲ್ಲು ನಿಲ್ಲಿಸಿದವರಾರು ಎಂದು ಕೇಳುತ್ತ, ಸಾವಿನ ಎದುರು ಒಂದು ಸಮಾಜವು ನಡೆದುಕೊಂಡ ಬಗೆಯನ್ನೇ ಚರಿತ್ರೆಯಾಗಿಸಿದರು.

ಕಲ್ಲು ಸಾವನ್ನೂ ದಾನವನ್ನೂ ಬಲ್ಲದು. ದಿನದಿನದ ಕೊಡುಕೊಳೆಯನ್ನು ಬಲ್ಲದ್ದು ಕಡತ. ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು ಕಪ್ಪುಮಾಡಿದ ಬಟ್ಟೆಯನ್ನು ಮಡಿಕೆಮಡಿಕೆಯಾಗಿ ಮಡಿಸಿ ಬಳಪದಿಂದ ಬರೆದ ಈ ಪುಸ್ತಕಗಳು ಮಠಗಳಲ್ಲಿ, ಹಳೆಯ ಮನೆತನಗಳಲ್ಲಿ ರಾಶಿಯಾಗಿ ಉಳಿದಿದ್ದವು. ೧೯೧೬ರಲ್ಲಿ ಶೃಂಗೇರಿಯಲ್ಲಿ ಟೀಪುಸುಲ್ತಾನನ ಕನ್ನಡ ಪತ್ರಗಳನ್ನು ನರಸಿಂಹಾಚಾರ್ಯರು ಕಂಡದ್ದು ಸುಪ್ರಸಿದ್ಧ. ತರುವಾಯ ಎ. ಕೆ. ಶಾಸ್ತ್ರಿಯವರು ಅಲ್ಲಿಯ ಕಡತಗಳನ್ನು ಶೋಧಿಸಿ ಪ್ರಕಟಿಸಿದಾಗ, ಸುಲ್ತಾನನ ಪತ್ರದ ಪಕ್ಕದಲ್ಲಿಯೇ ಮಠದ ಒಕ್ಕಲುಗಳಿಗೂ ಎಡೆ ದೊರೆಯಿತು. ಮೆಕೆಂಜಿಯ ಸಹಾಯಕರು ಬರೆದುಕೊಂಡ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ೧೯೯೪ರಲ್ಲಿ ಸಂಪಾದಿಸಿ ಕನ್ನಡದ ಓದುಗರಿಗೆ ಒದಗಿಸಿದರು.

ಇಷ್ಟಾದರೂ, ಈ ಎಲ್ಲ ದಾಖಲೆಗಳಿಗೂ ಹೊರಗಾಗಿ ಉಳಿದವರ ಸಂಖ್ಯೆ ಅಪಾರವೆಂಬುದನ್ನು ಮರೆಯಲಾಗದು. ಕಲ್ಲು ನಿಲ್ಲಿಸಲು ನೆಲ ಬೇಕು, ಕಂಡರಿಸುವವನಿಗೆ ಕೂಲಿ ಬೇಕು, ನೆನೆಯುವ ಒಡೆಯನೋ ಮಗನೋ ಬೇಕು. ಕೆರೆಯನ್ನು ಕಟ್ಟಿಸಿದವನ ಹೆಸರು ಶಾಸನದಲ್ಲಿದೆ, ಮಣ್ಣು ಹೊತ್ತವರದಿಲ್ಲ. ಸೀಮೆಯನ್ನು ಹೇಳುವಾಗ ಯಾವನದೋ ಹೊಲವೆಂದೋ ಯಾವಳದೋ ತೋಟವೆಂದೋ ಅಕಸ್ಮಾತ್ತಾಗಿ ನುಸುಳಿದ ಹೆಸರುಗಳನ್ನು ನಾನು ಅಮೂಲ್ಯವೆಂದು ಎಣಿಸುವುದು ಇದರಿಂದಲೇ. ಅವರನ್ನು ಹೊಗಳಬೇಕೆಂದು ಯಾರೂ ಬರೆದದ್ದಲ್ಲವಾದ್ದರಿಂದ ಅಲ್ಲಿ ಸುಳ್ಳಿಗೆ ಕಾರಣವೇ ಇಲ್ಲ. ಸೀಮಾವಿವರಗಳನ್ನು ಕೈಬಿಟ್ಟು ಸಾರಾಂಶವನ್ನು ಮಾತ್ರ ಕೊಡುವ ಪದ್ಧತಿಯನ್ನು ಸಂಪಾದಕರು ತ್ಯಜಿಸಬೇಕೆಂದು ನನ್ನ ಆಗ್ರಹ.

೨೦೧೮ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಗಂಗ ಶ್ರೀಪುರುಷನ ಕಾಲದ, ಸುಮಾರು ಕ್ರಿ.ಶ. ೭೫೦ರ ವೀರಗಲ್ಲೊಂದು ದೊರೆಯಿತು. ಊರಳಿವಿನಲ್ಲಿ ಹೋರಾಡಿ ಸತ್ತ ಕಿತ್ತಯ್ಯನದು ಅದು. ಪಿ. ಎಲ್. ಉದಯಕುಮಾರ್ ಮತ್ತು ಅವರ ಸಂಗಡಿಗರು, ವೃತ್ತಿಯಿಂದ ಶಾಸನತಜ್ಞರಲ್ಲದ ನಾಗರಿಕರು, ಅಲ್ಲಿಯ ಜನರೊಡನೆ ಕೂಡಿ ಅದನ್ನು ರಕ್ಷಿಸಿದರು. ಈಗ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಬೆಂಗಳೂರು ಸೀಮೆಯ ಶಾಸನಗಳನ್ನು ಮೂರು ಆಯಾಮಗಳ ಯಂತ್ರದಿಂದ ಸ್ಕ್ಯಾನ್ ಮಾಡಲಾಗುತ್ತಿದ್ದು, ಪಡಿಯಚ್ಚಿಗೂ ಕಣ್ಣಿಗೂ ನಿಲುಕದೆ ಹೋಗಿದ್ದ ಸವೆದ ಅಕ್ಷರಗಳು ಗಣಕದ ತೆರೆಯ ಮೇಲೆ ಓರೆಬೆಳಕಿನಲ್ಲಿ ತಿರುಗಿಸಿ ನೋಡಿದಾಗ ಓದಿಗೆ ಬರುತ್ತಿವೆ. ಹಳೆಯ ಪಾಠಗಳಲ್ಲಿ ಚುಕ್ಕೆಗಳಾಗಿ ನಿಂತಿದ್ದ ಎಡೆಗಳು ಕೆಲವು ಕಡೆ ತುಂಬಿಕೊಳ್ಳುತ್ತಿವೆ. ಆದರೆ ರೈಸ್ ಅವರ ಬೆಂಗಳೂರು ಸಂಪುಟವನ್ನು ಕೈಯಲ್ಲಿ ಹಿಡಿದು ಹುಡುಕಹೊರಟವರಿಗೆ ಎಷ್ಟೋ ಕಲ್ಲುಗಳು ಅವರು ಹೇಳಿದ ಜಾಗದಲ್ಲಿಲ್ಲ. ಹೊಲದ ಬದಿಯಲ್ಲಿದ್ದವು ಬಡಾವಣೆಗಳ ಅಡಿಪಾಯದೊಳಗೆ ಸೇರಿಹೋಗಿವೆ, ರಸ್ತೆಯ ಅಗಲೀಕರಣದಲ್ಲಿ ಒಡೆದುಹೋಗಿವೆ. ಅಂಥ ಕಲ್ಲಿನಲ್ಲಿ ಹೆಸರಿದ್ದ ಊರಾಳಿಗೆ ಈಗ ೧೯೦೫ರ ಆ ಮುದ್ರಿತ ಪಂಕ್ತಿಯೊಂದೇ ಆಧಾರ. ಅಲ್ಲಿ ತಪ್ಪಾಗಿ ಓದಿದ್ದರೆ ಅದನ್ನು ತಿದ್ದಲು ಕಲ್ಲಿಲ್ಲ. ಉಳಿದಿರುವವನ್ನಾದರೂ ತಾಲ್ಲೂಕು ತಾಲ್ಲೂಕಾಗಿ, ಮಿಕ್ಕ ಜಿಲ್ಲೆಗಳಲ್ಲಿಯೂ ಇದೇ ರೀತಿ ಸ್ಕ್ಯಾನ್ ಮಾಡಿಸುವ ಕೆಲಸವು ಕಲ್ಲುಗಳು ಇನ್ನೂ ನಿಂತಿರುವಾಗಲೇ ನಡೆಯಬೇಕಾಗಿದೆ.