ಕಟ್ಟಡಗಳ ಹೊಗೆಗೆ ಲೆಕ್ಕ ಬರೆದ ನಗರ



ವಾತಾವರಣವನ್ನು ಕೆಡಿಸುತ್ತಿರುವುದು ಯಾವುದೆಂದು ಕೇಳಿದರೆ ನೀವು ತಕ್ಷಣ ಕಾರ್ಖಾನೆಯ ಚಿಮಣಿಯನ್ನೋ ರಸ್ತೆಯ ಲಾರಿಗಳನ್ನೋ ತೋರಿಸುತ್ತೀರಿ. ಎದುರಿಗೇ ನಿಂತಿರುವ ನಲವತ್ತು ಅಂತಸ್ತಿನ ಕಟ್ಟಡ ಯಾರ ನೆನಪಿಗೂ ಬರುವುದಿಲ್ಲ. ಆದರೆ ಅಮೆರಿಕದ ನ್ಯೂಯಾರ್ಕ್ ನಗರದ ಹಸಿರುಮನೆ ಅನಿಲಗಳಲ್ಲಿ ಸುಮಾರು ಮೂರನೆಯ ಎರಡು ಪಾಲು ಕಟ್ಟಡಗಳದೇ!

ಇದು ಹೇಗೆ? ಅಲ್ಲಿನ ಚಳಿಗಾಲದಲ್ಲಿ ಕೋಣೆಗಳನ್ನು ಬೆಚ್ಚಗಿಡಲು ನೆಲಮಾಳಿಗೆಯ ಬಾಯ್ಲರುಗಳಲ್ಲಿ ಎಣ್ಣೆ, ಅನಿಲ ಉರಿಯುತ್ತವೆ. ದೀಪ, ಲಿಫ್ಟು, ಹವಾನಿಯಂತ್ರಣಗಳಿಗೆ ವಿದ್ಯುತ್ ಬೇಕು. ಆ ವಿದ್ಯುತ್ತಿಗಾಗಿ ದೂರದ ಸ್ಥಾವರದಲ್ಲಿ ಇಂಧನ ಸುಡುತ್ತದೆ. ಎಂದರೆ, ಕಟ್ಟಡದ ಹೊಗೆಯ ಒಂದು ಭಾಗ ಬೇರೆಲ್ಲೋ ಇರುವ ಚಿಮಣಿಯಿಂದ ಹೊರಬೀಳುತ್ತದೆ. ಅದರಲ್ಲಿರುವ ಇಂಗಾಲದ ಡೈ ಆಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ಕ್ಯಾಮೆರಾ ಎಷ್ಟು ಹೊತ್ತು ಇಟ್ಟರೂ ಕಿರುತೆರೆಯ ಮೇಲೆ ಅದು ಮೂಡದು.

ಕಾಣದ್ದನ್ನು ಅಳೆಯುವುದು ಹೇಗೆ? 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿ ದ್ವೀಪದ ಮೌನಾ ಲೋವಾ ಪರ್ವತದ ಮೇಲೆ ಗಾಳಿಯಲ್ಲಿನ ಈ ಅನಿಲವನ್ನು ಅಳೆಯಲು ಆರಂಭಿಸಿದರು. ವರ್ಷದಿಂದ ವರ್ಷಕ್ಕೆ ಅದು ಏರುತ್ತಿರುವುದು ಜಗತ್ತಿಗೆ ತಿಳಿದದ್ದು ಆ ಅಳತೆಗಳಿಂದ. ಆದರೆ ಅದು ಇಡೀ ಭೂಮಿಯ ಲೆಕ್ಕ. ಒಂದು ಕಟ್ಟಡದ ಪಾಲೆಷ್ಟೆಂದು ತಿಳಿಯಲು ಪರ್ವತ ಹತ್ತಬೇಕಿಲ್ಲ, ಮೀಟರ್ ನೋಡಿದರೆ ಸಾಕು. ಬಳಸಿದ ವಿದ್ಯುತ್, ಅನಿಲ, ಎಣ್ಣೆಗಳ ಪ್ರಮಾಣವನ್ನು ಒಂದೊಂದಕ್ಕೂ ಗೊತ್ತುಪಡಿಸಿದ ಗುಣಕದಿಂದ ಗುಣಿಸಿ ಕೂಡಿದರೆ ಉತ್ತರ ಸಿಗುತ್ತದೆ. ನ್ಯೂಯಾರ್ಕಿನ ಈಗಿನ ಕಾನೂನಿನ ಪ್ರಕಾರ 1,000 ಯೂನಿಟ್ ವಿದ್ಯುತ್ತಿಗೆ ಸುಮಾರು 289 ಕಿಲೋಗ್ರಾಂ.

ಗಣಿತ ಸುಲಭ. ಲೆಕ್ಕ ಕೊಡುವಂತೆ ಮಾಲೀಕರನ್ನು ಒಪ್ಪಿಸುವುದು ಮಾತ್ರ ಕಷ್ಟ. 2007ರಲ್ಲಿ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಅವರ ಆಡಳಿತ, 2030ರೊಳಗೆ ನಗರದ ಹಸಿರುಮನೆ ಅನಿಲಗಳನ್ನು ಶೇಕಡಾ 30ರಷ್ಟು ತಗ್ಗಿಸುವ ಯೋಜನೆ ಪ್ರಕಟಿಸಿತು. 2009ರಲ್ಲಿ 84ನೆಯ ಸ್ಥಳೀಯ ಕಾನೂನು ಬಂದಿತು. ಅದರಂತೆ ಆಗ 50,000 ಚದರ ಅಡಿಗಿಂತ ದೊಡ್ಡ ಕಟ್ಟಡಗಳು ಪ್ರತಿ ವರ್ಷ ತಮ್ಮ ಇಂಧನ ಮತ್ತು ನೀರಿನ ಬಳಕೆಯನ್ನು ವರದಿ ಮಾಡಬೇಕಿತ್ತು, ಅದನ್ನು ಸಾರ್ವಜನಿಕರೂ ನೋಡಬಹುದಿತ್ತು. ಗಮನಿಸಿ, ಬಳಕೆ ಕಡಿಮೆ ಮಾಡಿ ಎಂದು ಆ ಕಾನೂನು ಹೇಳಲಿಲ್ಲ. ಬರೆದು ತೋರಿಸಿ ಎಂದಷ್ಟೇ ಹೇಳಿತು.

2012ರಲ್ಲಿ ಅಂಕಗಳು ಹೊರಬಿದ್ದಾಗ ನಗರವೇ ಬೆರಗಾಯಿತು. ನೂರಕ್ಕೆ ಕೊಡುವ ಅಂಕಗಳಲ್ಲಿ, 1930ರ ಕ್ರೈಸ್ಲರ್ ಕಟ್ಟಡಕ್ಕೆ 84, 1931ರ ಎಂಪೈರ್ ಸ್ಟೇಟ್ ಕಟ್ಟಡಕ್ಕೆ 80! ಪರಿಸರಸ್ನೇಹಿ ಎಂದು ಪ್ರಮಾಣಪತ್ರ ಪಡೆದು 2006ರಲ್ಲಿ ತೆರೆದ 7ನೆಯ ವರ್ಲ್ಡ್ ಟ್ರೇಡ್ ಸೆಂಟರಿಗೆ 74. ವಾಸ್ತುಶಿಲ್ಪದ ಪುಸ್ತಕಗಳು ಕೊಂಡಾಡುವ 1958ರ ಸೀಗ್ರಾಂ ಕಟ್ಟಡಕ್ಕೆ ಬರೀ 3. ಹಳೆಯ ಕಟ್ಟಡಗಳ ದಪ್ಪ ಗೋಡೆ, ಮಿತವಾದ ಕಿಟಕಿಗಳು ಶಾಖವನ್ನು ತಡೆಯುತ್ತವೆ. ಗಾಜಿನ ಗೋಡೆಗೆ ಆ ಶಕ್ತಿ ಕಡಿಮೆ. ಜೊತೆಗೆ ದುರಸ್ತಿಯ ಪಾಲೂ ಇತ್ತು. ಎಂಪೈರ್ ಸ್ಟೇಟಿನಲ್ಲಿ ಸುಮಾರು 6,500 ಕಿಟಕಿಗಳ ಗಾಜು ಬಿಚ್ಚಿ, ಅದೇ ಕಟ್ಟಡದೊಳಗೆ ಹೂಡಿದ ಕಾರ್ಯಾಗಾರದಲ್ಲಿ ನಡುವೆ ತೆಳು ಪದರ ಸೇರಿಸಿ ಮತ್ತೆ ಕೂರಿಸಿದ್ದರು. ಕಣ್ಣಿಗೆ ಆಧುನಿಕವಾಗಿ ಕಂಡದ್ದೆಲ್ಲ ಮಿತವ್ಯಯಿ ಅಲ್ಲ ಎಂಬುದನ್ನು ತೋರಿಸಿದ್ದು ಲೆಕ್ಕದ ಪುಸ್ತಕ.

ಅದೇ ವರ್ಷ ಅಕ್ಟೋಬರಿನಲ್ಲಿ ಸ್ಯಾಂಡಿ ಚಂಡಮಾರುತ ಬಂದು ಸಮುದ್ರ ಸುರಂಗ ರೈಲುಮಾರ್ಗಕ್ಕೇ ನುಗ್ಗಿತು. ನಗರದಲ್ಲಿ 43 ಮಂದಿ ಸತ್ತರು. ಒಂದು ಚಂಡಮಾರುತಕ್ಕೆ ಭೂತಾಪವೊಂದೇ ಕಾರಣವೆನ್ನಲಾಗದು. ಆದರೆ ನೂರು ವರ್ಷಗಳಲ್ಲಿ ಏರಿದ್ದ ಸಮುದ್ರಮಟ್ಟ ಆ ಪ್ರವಾಹವನ್ನು ಇನ್ನಷ್ಟು ಒಳಕ್ಕೆ ತಂದಿತ್ತು.

ಹಲವು ವರ್ಷಗಳ ಲೆಕ್ಕ ಕೈಯಲ್ಲಿದ್ದುದರಿಂದಲೇ 2019ರಲ್ಲಿ 97ನೆಯ ಸ್ಥಳೀಯ ಕಾನೂನು ಸಾಧ್ಯವಾಯಿತು. 25,000 ಚದರ ಅಡಿ ಮೀರಿದ ಬಹುಪಾಲು ಕಟ್ಟಡಗಳಿಗೆ 2024ರಿಂದ ಮಿತಿ ಗೊತ್ತಾಯಿತು. ಮಿತಿ ಮೀರಿದ ಪ್ರತಿ ಟನ್ನಿಗೆ ವರ್ಷಕ್ಕೆ 268 ಡಾಲರ್ ದಂಡ. 2030ರಿಂದ ಮಿತಿ ಇನ್ನೂ ಬಿಗಿ.

ಇಲ್ಲಿ ನ್ಯಾಯದ ಪ್ರಶ್ನೆ ಎದ್ದಿತು. ಬಾಡಿಗೆದಾರ ಉರಿಸಿದ ದೀಪಕ್ಕೆ ಮಾಲೀಕ ದಂಡ ತೆರಬೇಕೇ? ಹಳೆಯ ಬಾಯ್ಲರ್ ಬದಲಿಸಲು ಮಧ್ಯಮ ವರ್ಗದ ನಿವಾಸಿಗಳು ಹಣ ಎಲ್ಲಿಂದ ತರಬೇಕು? 2022ರಲ್ಲಿ ಕೆಲವು ವಸತಿ ಸಮುಚ್ಚಯಗಳವರು ನ್ಯಾಯಾಲಯದ ಮೆಟ್ಟಿಲೇರಿದರು. 2025ರ ಮೇ ತಿಂಗಳಲ್ಲಿ ರಾಜ್ಯದ ಅತ್ಯುನ್ನತ ನ್ಯಾಯಾಲಯ ನಗರದ ಪರವಾಗಿ ತೀರ್ಪಿತ್ತು, ರಾಜ್ಯದ ಹವಾಮಾನ ಕಾನೂನು ನಗರದ ಕೈ ಕಟ್ಟುವುದಿಲ್ಲ ಎಂದಿತು. ಆದರೂ ಖರ್ಚು ಯಾರದೆಂಬ ಪ್ರಶ್ನೆ ಸುಳ್ಳಲ್ಲ. ಅದಕ್ಕೆ ಸಾಲ, ಸಹಾಯಧನ, ಕಾಲಾವಕಾಶಗಳ ಮೂಲಕ ಉತ್ತರ ಹುಡುಕಬೇಕು, ಲೆಕ್ಕವನ್ನು ಮುಚ್ಚಿಡುವುದರಿಂದಲ್ಲ.

ಈ ಗುಣಾಕಾರವನ್ನು ನೀವೂ ಮಾಡಬಹುದು. ನಮ್ಮ ದೇಶದಲ್ಲಿ ಕಲ್ಲಿದ್ದಲಿನ ಪಾಲು ಹೆಚ್ಚಾದ್ದರಿಂದ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈ ಆಕ್ಸೈಡ್ ಎಂದು ಹಿಡಿಯಿರಿ. 100 ಯೂನಿಟ್ಟಿಗೆ 70 ಕಿಲೋ. ನಿಮ್ಮ ಶಾಲೆ, ಕಾಲೇಜಿನ ಹನ್ನೆರಡು ತಿಂಗಳ ಬಿಲ್ಲುಗಳನ್ನು ಕಚೇರಿಯಲ್ಲಿ ಕೇಳಿ ಪಡೆಯಿರಿ. ಕೂಡಿ, ಗುಣಿಸಿ, ಕಟ್ಟಡದ ಚದರ ಅಡಿಯಿಂದ ಭಾಗಿಸಿ. ಬಂದ ಉತ್ತರವನ್ನು ಸೂಚನಾ ಫಲಕದಲ್ಲಿ ಹಾಕಿ. ಮುಂದಿನ ವರ್ಷ ಅದರ ಪಕ್ಕದಲ್ಲಿ ಇನ್ನೊಂದು ಅಂಕಿ ಬರೆಯಿರಿ.