ನಡೆಯುವ ಮನೆಯ ನೀರು

ಪ್ರಶ್ನೆ ಬಂದದ್ದು ಅಮೆರಿಕೆಯಿಂದ. ಕೇಳಿದವನು ನನ್ನ ಹಳೆಯ ವಿದ್ಯಾರ್ಥಿ, ಸುರಪುರದ ಹುಡುಗ. ಕಳೆದ ವರ್ಷ ಅವನು ಅಲ್ಲಿ ಹಳೆಯದೊಂದು ಗಾಡಿಮನೆಯನ್ನು ಕೊಂಡುಕೊಂಡ. ಗಾಡಿಮನೆ ಎಂದರೆ ಮೋಟಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗತಕ್ಕ, ಮಂಚ, ಒಲೆ, ಬಚ್ಚಲು ಎಲ್ಲವೂ ಒಳಗೇ ಇರುವ ಲೋಹದ ಮನೆ. ಅಲ್ಲಿಯವರು ಅದಕ್ಕೆ ಟ್ರೇಲರ್ ಎನ್ನುತ್ತಾರಂತೆ. 1950ರ ದಶಕದಲ್ಲಿ ತಯಾರಾದ ಆ ಮನೆಯನ್ನು ರಜೆಯ ದಿನಗಳಲ್ಲಿ ತನ್ನ ಕೈಯಾರೆ ದುರಸ್ತಿ ಮಾಡುತ್ತ, ಆಗಾಗ ಚಿತ್ರಗಳನ್ನು ನನಗೂ ಕಳಿಸುತ್ತಿದ್ದ. ಒಂದು ಪತ್ರದ ಕೊನೆಗೆ ಹೀಗೆ ಬರೆದಿದ್ದ: "ಸರ್, ಇಲ್ಲಿ ಬಳಸಿದ ನೀರಿಗೆ ಬಣ್ಣದ ಹೆಸರುಂಟು. ಕೈ ತೊಳೆದದ್ದು, ಮಿಂದದ್ದು ಬೂದು ನೀರು. ಕಕ್ಕಸಿನದು ಕಪ್ಪು ನೀರು. ನಮ್ಮಲ್ಲಿ ಇವಕ್ಕೆ ಏನೆನ್ನುತ್ತಾರೆ?"

ಕನ್ನಡದ ಮೇಷ್ಟರಿಗೆ ಇಂಥ ಪ್ರಶ್ನೆ ಹಾಕಿದರೆ ಅವರು ಒಡನೆಯೇ ನಿಘಂಟಿನತ್ತ ಕೈ ಚಾಚುತ್ತಾರೆ. ನಾನೂ ಚಾಚಿದೆ. ಆದರೆ ಈ ಪ್ರಶ್ನೆಯ ಉತ್ತರ ನಿಘಂಟಿನಲ್ಲಿ ಅರ್ಧ ಮಾತ್ರ ಇತ್ತು. ಉಳಿದರ್ಧವನ್ನು ಹುಡುಕುತ್ತ ನಾನು ನಮ್ಮ ಸುರಪುರ ಸೀಮೆಯ ಇತಿಹಾಸಕ್ಕೆ ಹೋಗಬೇಕಾಯಿತು. ಆ ಅಲೆದಾಟವನ್ನೇ ಇಲ್ಲಿ ವಾಚಕರ ಮುಂದಿಡುತ್ತೇನೆ.

ಮೊದಲು ಆ ಗಾಡಿಮನೆಯ ನೀರಿನ ಏರ್ಪಾಡನ್ನು ಹೇಳಬೇಕು. ಮಂಚದ ಕೆಳಗೆ ಒಂದು ತೊಟ್ಟಿ. ಅವನದರಲ್ಲಿ ಸುಮಾರು 100 ಲೀಟರು ಹಿಡಿಯುತ್ತದೆ. ಹಿಂದೆ ಕೈಪಂಪಿನಿಂದ ನೀರೆತ್ತುತ್ತಿದ್ದರು. ಈಗ ಬ್ಯಾಟರಿಯಿಂದ ನಡೆಯುವ ಪುಟ್ಟ ಪಂಪು ಬಂದಿದೆ. ಹಳೆಯ ತಾಮ್ರದ ಕೊಳವೆಗಳೊಳಗೆ ಉಳಿದಿದ್ದ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿ, ಹಿಗ್ಗಿ, ಕೊಳವೆಗಳನ್ನು ಉದ್ದಕ್ಕೂ ಸೀಳಿಬಿಟ್ಟಿತ್ತು. ಅವನ್ನು ಕಿತ್ತು ಬಾಗುವ ಪ್ಲಾಸ್ಟಿಕ್ ಕೊಳವೆ ಹಾಕಿದ್ದಾನೆ. ಬಚ್ಚಲಿನ ಕೆಳಗೆ ಒಂದು ಡೊಂಕು ಕೊಳವೆ. ಆ ಡೊಂಕಿನಲ್ಲಿ ಸದಾ ಒಂದಿಷ್ಟು ನೀರು ನಿಂತು, ಕೆಳಗಿನ ದುರ್ವಾಸನೆ ಮೇಲೆ ಬಾರದಂತೆ ತಡೆಯುತ್ತದೆ. ಜೊತೆಗೊಂದು ಗಾಳಿಕೊಳವೆಯನ್ನು ಚಾವಣಿಯವರೆಗೆ ಒಯ್ಯದಿದ್ದರೆ, ಕೆಳಗಿಳಿಯುವ ನೀರು ಆ ತಡೆನೀರನ್ನೂ ಎಳೆದುಕೊಂಡು ಹೋಗುತ್ತದಂತೆ.

ಹಳೆಯ ಕಾಲದ ಗಾಡಿಮನೆಗಳಲ್ಲಿ ಮಿಂದ ನೀರು ಒಂದು ರಬ್ಬರಿನ ಕೊಳವೆಯ ಮೂಲಕ ನೇರವಾಗಿ ನೆಲಕ್ಕೆ ಇಳಿಯುತ್ತಿತ್ತು. ಇಂದು ಅನೇಕ ಕಡೆಗಳಲ್ಲಿ ಹಾಗೆ ಬಿಡುವಂತಿಲ್ಲ. ಆದುದರಿಂದ ಅವನು ಇನ್ನೆರಡು ತೊಟ್ಟಿಗಳನ್ನು ಕೂರಿಸಿದ್ದಾನೆ: ತೊಳೆದ ನೀರಿಗೊಂದು, ಕಕ್ಕಸಿಗೊಂದು. ಕೈ ತೊಳೆದ ನೀರನ್ನು ಜಾಲರಿಯಲ್ಲಿ ಸೋಸಿ ಕಕ್ಕಸಿಗೆ ಬಿಡಲು ಸಣ್ಣದೊಂದು ಏರ್ಪಾಡನ್ನೂ ಮಾಡಿದ್ದಾನೆ. ಅಡುಗೆಯ ನೀರನ್ನು ಮಾತ್ರ ಅದಕ್ಕೆ ಸೇರಿಸಿಲ್ಲ. ಅದರಲ್ಲಿಯ ಜಿಡ್ಡೂ ಅನ್ನದ ಅಗುಳೂ ಒಂದು ದಿನ ಕಳೆಯುವಷ್ಟರಲ್ಲಿ ಕೊಳೆತು ನಾರುತ್ತವೆ. ಹೀಗೆ 100 ಲೀಟರಿನಲ್ಲಿ ಇಬ್ಬರು ಮೂರು ದಿನ ನಡೆಸಬಹುದೆಂದು ಅವನ ಲೆಕ್ಕ.

ನಡೆಯುವ ಮನೆಗಳನ್ನು ನಮ್ಮ ಸೀಮೆ ಮೊದಲೇ ಕಂಡಿದೆ. ಅವುಗಳಲ್ಲಿ ಎಲ್ಲಕ್ಕೂ ದೊಡ್ಡದು ಇಲ್ಲಿಗೆ ಬಂದದ್ದು 1705ರಲ್ಲಿ. ಬೇಡರ ದೊರೆ ಪಿಡ್ಡನಾಯಕನ ವಾಗಿನಗೇರಾ ಕೋಟೆಯನ್ನು ಹಿಡಿಯಲು ಔರಂಗಜೇಬ ಬಾದಶಹ ತಾನೇ ದಂಡೆತ್ತಿ ಬಂದ. ಫೆಬ್ರವರಿಯಲ್ಲಿ ಆರಂಭವಾದ ಮುತ್ತಿಗೆ ಏಪ್ರಿಲಿನಲ್ಲಿ ಮುಗಿಯಿತು. ಕೋಟೆ ಸಿಕ್ಕಿತು, ನಾಯಕ ಸಿಕ್ಕಲಿಲ್ಲ. ವೃದ್ಧ ಬಾದಶಹ ಕೃಷ್ಣೆಯ ಸಮೀಪದ ದೇವಾಪುರದಲ್ಲಿ ಬಿಡಾರ ಹೂಡಿ, ಅಲ್ಲಿಯೇ ಕಾಯಿಲೆ ಬಿದ್ದು, ಅಕ್ಟೋಬರಿನವರೆಗೂ ಉಳಿದ. ಅದೇ ಅವನ ಕೊನೆಯ ಮುತ್ತಿಗೆ. ಎರಡು ವರ್ಷ ತುಂಬುವ ಮೊದಲೇ, 1707ರಲ್ಲಿ, ಅವನು ತೀರಿಕೊಂಡ.

ಮೊಗಲರ ಬಿಡಾರವೆಂದರೆ ಬಟ್ಟೆಯಲ್ಲಿ ಕಟ್ಟಿದ ಒಂದು ಪಟ್ಟಣ. ಬಾದಶಹನಿಗೆ ಒಂದಲ್ಲ, ಎರಡು ಬಿಡಾರಗಳಿದ್ದವು. ಒಂದರಲ್ಲಿ ಅವನು ತಂಗಿರುವಾಗ ಇನ್ನೊಂದು ಮುಂದಿನ ನೆಲೆಗೆ ಹೋಗಿ ಸಿದ್ಧವಾಗಿರುತ್ತಿತ್ತು. ಅದಕ್ಕೆ ಪೇಶ್‌ಖಾನಾ ಎಂದು ಹೆಸರು. ಕುಡಿಯುವ ನೀರಿಗೆ ಆಬದಾರಖಾನೆ ಎಂಬ ಬೇರೆಯದೇ ಇಲಾಖೆ. ಅಕ್ಬರನ ಕಾಲದಲ್ಲಿ ಈ ಇಲಾಖೆ ಮುದ್ರೆಯೊತ್ತಿದ ಪಾತ್ರೆಗಳಲ್ಲಿ ಗಂಗೆಯ ನೀರನ್ನು ತರಿಸುತ್ತಿತ್ತೆಂದೂ, ಪೆಟ್ಲುಪ್ಪಿನಿಂದ ನೀರನ್ನು ತಂಪು ಮಾಡುತ್ತಿತ್ತೆಂದೂ ಅಬುಲ್ ಫಜಲನು ಬರೆದಿದ್ದಾನೆ. ನೀರು ಬರುವ ದಾರಿ ಇಷ್ಟು ವಿವರವಾಗಿ ದಾಖಲೆಯಾಗಿದೆ. ಹೋಗುವ ದಾರಿಗೆ ಇಲಾಖೆಯೂ ಇಲ್ಲ, ಹೆಸರೂ ಇಲ್ಲ. ಅಷ್ಟು ದೊಡ್ಡ ದಂಡು ಆರು ತಿಂಗಳು ಕುಳಿತೆದ್ದ ಮೇಲೆ ದೇವಾಪುರದ ಜನಕ್ಕೆ ಎಂಥ ನೆಲ ಉಳಿದಿದ್ದೀತೆಂಬುದನ್ನು ವಾಚಕರೇ ಊಹಿಸಬಹುದು.

ಎರಡನೆಯ ನಡೆಯುವ ಮನೆ ಮೆಡೋಸ್ ಟೇಲರನದು. ಈತನ ಹೆಸರನ್ನು ಅರಿಯದವರು ಸುರಪುರದಲ್ಲಿಲ್ಲ. 1841ರಲ್ಲಿ ಇಲ್ಲಿಗೆ ಬಂದು, ಬಾಲಕ ರಾಜಾ ವೆಂಕಟಪ್ಪ ನಾಯಕ ಪ್ರಾಯಕ್ಕೆ ಬಂದು ಅಧಿಕಾರ ವಹಿಸಿಕೊಳ್ಳುವ 1853ರವರೆಗೆ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ. ಬೆಟ್ಟದ ಮೇಲೆ ಅವನು ಕಟ್ಟಿಸಿದ ಬಂಗಲೆ ಟೇಲರ್ ಮಂಜಿಲ್ ಎಂದು ಇಂದಿಗೂ ನಿಂತಿದೆ. ಈ ಸೀಮೆಯ ಬೃಹತ್ ಶಿಲಾಯುಗದ ಕಲ್ಲುಗೋರಿಗಳನ್ನು ಜಗತ್ತಿಗೆ ತಿಳಿಸಿದವನು ಅವನೇ. ಬೋನಾಳದ ಕೆರೆಯ ಅಭಿವೃದ್ಧಿಯಲ್ಲಿಯೂ ಅವನ ಕೈಯಿದೆ. ಇಂದು ಅಲ್ಲಿ ಪಕ್ಷಿಧಾಮವಿದೆ. ನೀರಿನ ಬೆಲೆ ಬಲ್ಲ ಆಡಳಿತಗಾರನೆಂದು ನಾನು ಅವನನ್ನು ಗೌರವಿಸುತ್ತೇನೆ.

ಆದರೆ ಅವನ ಕಾಲದ ಅಧಿಕಾರಿಗಳು ಸುತ್ತಾಟಕ್ಕೆ ಹೊರಟಾಗ ಡೇರೆಯ ನೀರು ಹೇಗೆ ನಡೆಯುತ್ತಿತ್ತು? ಎತ್ತಿನ ಬೆನ್ನಿನ ಎರಡೂ ಬದಿಗೆ ಇಳಿಬಿಟ್ಟ ತೊಗಲಿನ ಚೀಲ; ನಮ್ಮ ಕಡೆ ಅದಕ್ಕೆ ಪಖಾಲಿ ಎನ್ನುತ್ತಿದ್ದರು. ಎತ್ತು ಹೋಗದಲ್ಲಿಗೆ ಮನುಷ್ಯನ ಬೆನ್ನಿನ ಮೇಲೆ ಮಶಕ, ಎಂದರೆ ಇಡಿಯ ಆಡಿನ ತೊಗಲನ್ನು ಹೊಲಿದು ಮಾಡಿದ ಚೀಲ. ನನ್ನ ವಿದ್ಯಾರ್ಥಿಯ 100 ಲೀಟರಿನ ತೊಟ್ಟಿ ತುಂಬಬೇಕಾದರೆ ಅಂಥ ಮೂರು ನಾಲ್ಕು ಮಶಕಗಳು ಬೇಕಾದಾವು. ಅದನ್ನು ಹೊರುವವನು ಭಿಸ್ತಿ. ಪಾರಸಿಯಲ್ಲಿ ಬಿಹಿಶ್ತ್ ಎಂದರೆ ಸ್ವರ್ಗ. ನೀರು ತಂದವನನ್ನು ಸ್ವರ್ಗದವನೆಂದು ಜನ ಕರೆದರು. ಡೇರೆಯ ಹಿಂಬದಿಗೆ ಸ್ನಾನದ ಮರೆ, ಸಣ್ಣದೊಂದು ಮಣ್ಣಿನ ಒಡ್ಡು. ಮಿಂದ ನೀರು ಅಲ್ಲಿಂದ ಹೊಲಕ್ಕೆ. ಮರದ ಪೆಟ್ಟಿಗೆಯ ಕಕ್ಕಸನ್ನು ಹೊತ್ತು ಚೊಕ್ಕಟ ಮಾಡುವವನು ಜಾಡಮಾಲಿ. ಅವನಿಗೆ ಯಾರೂ ಸ್ವರ್ಗದ ಹೆಸರು ಕೊಡಲಿಲ್ಲ.

ಹಾಗಾದರೆ ಆ ಮನೆಗೆ ನಳವಿರಲಿಲ್ಲವೆನ್ನುವುದು ಪೂರ್ತಿ ಸರಿಯಲ್ಲ. ನಳವಿತ್ತು, ಅದು ಮನುಷ್ಯರಿಂದಾದದ್ದು. ನೀರು ಒಳಕ್ಕೆ ಬರುವ ಕೊಳವೆ ಭಿಸ್ತಿ, ಹೊರಕ್ಕೆ ಹೋಗುವ ಕೊಳವೆ ಜಾಡಮಾಲಿ. ಇದು ನಮ್ಮ ದೇಶದ ಸಂಗತಿ ಮಾತ್ರವಲ್ಲ. ವಿನೋದಕ್ಕೆಂದೇ ಕಟ್ಟಿಸಿದ ಮೊದಲ ಗಾಡಿಮನೆಯೆಂದು ಹೆಸರಾದ 'ವಾಂಡರರ್' ಇಂಗ್ಲೆಂಡಿನಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬಾತನಿಗಾಗಿ 1885ರಲ್ಲಿ ತಯಾರಾಯಿತು. ಎರಡು ಕುದುರೆಗಳು ಎಳೆಯುತ್ತಿದ್ದ ಆ ಮನೆಯ ಜೊತೆಗೂ ಒಬ್ಬ ಸಾರಥಿ, ಒಬ್ಬ ಸೇವಕ ಇದ್ದೇ ಇದ್ದರು. ಅಮೆರಿಕೆಯಲ್ಲಿ 1936ರಲ್ಲಿ ಏರ್‌ಸ್ಟ್ರೀಮ್ ಕಂಪನಿಯ 'ಕ್ಲಿಪ್ಪರ್' ಬಂದಿತು. ನಾಲ್ವರು ಮಲಗಬಹುದಾದ ಆ ಗಾಡಿ ತನ್ನ ನೀರನ್ನು ತಾನೇ ಹೊತ್ತು ನಡೆಯಿತು. ಆಳಿಲ್ಲದ ಸಾಮಾನ್ಯ ಸಂಸಾರವೊಂದು ಮನೆಯನ್ನೇ ಕಟ್ಟಿಕೊಂಡು ತಿರುಗಾಡಬಹುದಾದದ್ದು ಇಂಥ ಗಾಡಿಗಳಿಂದ. ಭಿಸ್ತಿಯ ಕೆಲಸವನ್ನು ತೊಟ್ಟಿ, ಪಂಪುಗಳು ವಹಿಸಿಕೊಂಡವು. ಜಾಡಮಾಲಿಯ ಕೆಲಸ ಮನೆಯ ಯಜಮಾನನ ಪಾಲಿಗೇ ಬಂದಿತು.

ಇನ್ನು ನಮ್ಮ ಯಾದಗಿರಿಗೆ ಬಂದ ಮೂರನೆಯ ನಡೆಯುವ ಮನೆ ರೈಲು. ಮುಂಬಯಿಯ ಕಡೆಯಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದರಾಸಿನ ಹಳಿಯೊಡನೆ ಕೂಡಿಕೊಂಡಿತು; ಯಾದಗಿರಿ ಆ ದಾರಿಯಲ್ಲಿದೆ. ಗಾಡಿಯ ತಲೆಯ ಮೇಲೆ ನೀರಿನ ತೊಟ್ಟಿ ಕೂತಿತು. ಕೆಳಗೆ ಮಾತ್ರ ಏನೂ ಇರಲಿಲ್ಲ. ಎಲ್ಲವೂ ಹಳಿಯ ಮೇಲೆಯೇ. ಹಳಿಯನ್ನು ಚೊಕ್ಕಟ ಮಾಡುವ ಕೆಲಸ ಮತ್ತೆ ಅದೇ ಜನಕ್ಕೆ ಬಿತ್ತು. ಗಾಡಿಯ ತಳಕ್ಕೆ ಜೈವಿಕ ತೊಟ್ಟಿಗಳನ್ನು ಕೂರಿಸಿದ್ದು 2010ರ ದಶಕದಲ್ಲಿ. ಮೇಲೆ ತೊಟ್ಟಿಯಿಟ್ಟವರಿಗೆ ಕೆಳಗೂ ಒಂದು ಬೇಕೆಂದು ತೋರಲು ಅಷ್ಟು ಕಾಲ ಹಿಡಿಯಿತು.

ಇನ್ನು ಹುಡುಗ ಕೇಳಿದ ಶಬ್ದಗಳು. ಕನ್ನಡಕ್ಕೆ ಈ ವಿಷಯದಲ್ಲಿ ಬಡತನವಿಲ್ಲ. ಹಳಗನ್ನಡದಲ್ಲಿ ಕರ್ಚು ಎಂದರೆ ತೊಳೆ. ಅಕ್ಕಿ ತೊಳೆದ ನೀರು ಅಕ್ಕಚ್ಚು. ಅಕ್ಕಿ, ಪಾತ್ರೆಗಳನ್ನು ತೊಳೆದು ದನಕ್ಕಿಡುವ ನೀರು ಕಲಗಚ್ಚು. ನಮ್ಮದು ಜೋಳದ ನಾಡಾದುದರಿಂದ ಅಕ್ಕಚ್ಚು ನಮ್ಮ ಬಾಯಲ್ಲಿ ಅಷ್ಟಾಗಿ ಇಲ್ಲ. ನಾರಾಯಣಪುರದ ಕಾಲುವೆ ಬಂದು ಹೊಲಗಳು ಭತ್ತದ ಗದ್ದೆಗಳಾದವು, ಆದರೂ ಶಬ್ದ ಬರಲಿಲ್ಲ. ನಮ್ಮಲ್ಲಿ ಇರುವುದು ಮುಸರಿ ನೀರು, ಬಚ್ಚಲ ನೀರು. ಗಮನಿಸಬೇಕಾದದ್ದೆಂದರೆ, ಈ ಹೆಸರುಗಳು ಬಣ್ಣದಿಂದ ಬಂದವಲ್ಲ, ಹುಟ್ಟಿದ ಜಾಗದಿಂದ ಬಂದವು. ಎಲ್ಲಿಂದ ಬಂತೆಂದು ಗೊತ್ತಾದರೆ ಎಲ್ಲಿಗೆ ಹೋಗಬೇಕೆಂಬುದೂ ಗೊತ್ತಾಗುತ್ತದೆ.

ಶಹಾಪುರದಲ್ಲಿ ನಮ್ಮ ಅಜ್ಜಿಯ ಮನೆಯಲ್ಲಿ ಬೇಸಗೆಯ ಒಂದು ಕೊಡ ನೀರು ಮೂರು ನಾಲ್ಕು ಜನ್ಮವೆತ್ತುತ್ತಿತ್ತು. ಕಾಯಿಪಲ್ಯ ತೊಳೆದ ನೀರಿನಲ್ಲಿ ಮುಸರಿ ಭಾಂಡೆಗಳ ಮೊದಲ ತೊಳೆತ. ಆ ಮುಸರಿ ನೀರು ಎಮ್ಮೆಯ ಬಾನಿಗೆ. ಬಚ್ಚಲ ನೀರು ಗೋಡೆಯ ತೂತಿನಿಂದ ಹಿತ್ತಲ ಬಾಳೆಗೆ. ಸಾಬೂನಿನ ನೀರು ಒಂದೇ ಗಿಡಕ್ಕೆ ದಿನವೂ ಹೋಗಬಾರದೆಂದು, ಮಣ್ಣಿನ ಕಾಲುವೆಯ ಬಾಯನ್ನು ಅಜ್ಜಿ ಸಲಿಕೆಯಿಂದ ಆಗಾಗ ತಿರುಗಿಸುತ್ತಿದ್ದಳು. ಬಾವಿಯಿಂದ ಕೊಡ ಹೊತ್ತು ತಂದವಳು ಅವಳೇ ಆದುದರಿಂದ ಲೆಕ್ಕವೂ ಅವಳ ಕೈಯಲ್ಲೇ ಇತ್ತು.

ಇಲ್ಲಿಗೇ ನಿಲ್ಲಿಸಿದ್ದರೆ ನಮ್ಮ ಹಿರಿಯರು ಎಷ್ಟು ಜಾಣರೆಂದು ಹೇಳಿ ಲೇಖನ ಮುಗಿಸಬಹುದಿತ್ತು. ಆದರೆ ಹುಡುಗ ಎರಡು ನೀರುಗಳ ಹೆಸರು ಕೇಳಿದ್ದ. ಅಜ್ಜಿಯ ಮನೆಯ ಹಿಂದೆ ಒಂದು ಸಂದಿ ಇತ್ತು. ಅವಳ ಯೌವನದಲ್ಲಿ ನಸುಕಿನ ಹೊತ್ತು ಅಲ್ಲಿಗೆ ಒಬ್ಬಾಕೆ ಬುಟ್ಟಿ ಹೊತ್ತು ಬಂದು ಹೋಗುತ್ತಿದ್ದಳಂತೆ. "ಆಕೆಯ ಹೆಸರೇನು?" ಎಂದು ಒಮ್ಮೆ ಕೇಳಿದ್ದೆ. ಕೊಡದ ಪ್ರತಿ ಹನಿಯ ಲೆಕ್ಕ ಬಲ್ಲ ನನ್ನ ಅಜ್ಜಿಗೆ ಆಕೆಯ ಹೆಸರು ಗೊತ್ತಿರಲಿಲ್ಲ. ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, ನಿಷೇಧಿಸಲಾಯಿತು. ಕೇಂದ್ರದ ಕಾಯಿದೆಗಳು ಬಂದದ್ದು 1993ರಲ್ಲಿ, ಮತ್ತೆ 2013ರಲ್ಲಿ. ನಮ್ಮ ಮನೆಗಳ ನೀರಿನ ಜಾಣತನಕ್ಕೆ ಹಿಂಬಾಗಿಲೊಂದಿತ್ತು. ಆ ಬಾಗಿಲಿನಾಚೆಯ ಭಾರವನ್ನು ನಾವು ಯಾವ ಲೆಕ್ಕದಲ್ಲಿಯೂ ಬರೆಯಲಿಲ್ಲ.

ಹುಡುಗನಿಗೆ ಹೀಗೆ ಉತ್ತರ ಬರೆದೆ: ನಿನ್ನ ಬೂದು ನೀರಿಗೆ ಬಚ್ಚಲ ನೀರು ಎನ್ನು, ಪಾತ್ರೆಯದಕ್ಕೆ ಮುಸರಿ ನೀರು ಎನ್ನು, ಎರಡನೆಯದಕ್ಕೆ ನಮ್ಮ ಅಜ್ಜಿಯ ಮನೆಯಲ್ಲಿ ಹೆಸರಿರಲಿಲ್ಲ, ಏಕೆಂದರೆ ಅದು ನಮ್ಮದೆಂದು ನಾವು ಒಪ್ಪಿರಲಿಲ್ಲ. ಅವನ ಮಾರೋಲೆ ಚಿಕ್ಕದಾಗಿತ್ತು. "ಸರ್, ಮೊದಲ ಸಲ ಆ ತೊಟ್ಟಿಯನ್ನು ಖಾಲಿ ಮಾಡುವಾಗ ಬಹಳ ಹೇಸಿಕೆಯಾಯಿತು. ಕೈಚೀಲ ಹಾಕಿಕೊಂಡು, ಕೊಳವೆ ಜೋಡಿಸಿ, ತೊಳೆದು, ಮುಚ್ಚಿ ಬಂದೆ. ಈಗ ರೂಢಿಯಾಗಿದೆ. ನಮ್ಮ ಅಪ್ಪನಿಗೆ ಮಾತ್ರ ಇನ್ನೂ ಹೇಳಿಲ್ಲ."

ಅದನ್ನೋದಿದ ಸಂಜೆ, ಯಾದಗಿರಿಯ ನನ್ನ ಬಾಡಿಗೆ ಮನೆಯ ಹಿಂದಕ್ಕೆ ಹೋಗಿ ನೋಡಿದೆ. ಎಂಟು ವರ್ಷಗಳಿಂದ ಅಲ್ಲಿದ್ದೇನೆ. ನಳ ಯಾವ ಹೊತ್ತಿಗೆ ಬರುತ್ತದೆಂಬುದು ನನಗೆ ಬಾಯಿಪಾಠ, ಬಚ್ಚಲಿನ ಕೊಳವೆ ಎಲ್ಲಿಗೆ ಹೋಗುತ್ತದೆಂಬುದು ತಿಳಿದಿರಲಿಲ್ಲ. ಅದು ಪಕ್ಕದ ಖಾಲಿ ನಿವೇಶನಕ್ಕೆ ಹೋಗಿ, ಅಲ್ಲಿಯ ಗುಡಿಸಲೊಂದರ ಬಾಗಿಲ ಮುಂದೆ ಹೊಂಡವಾಗಿ ನಿಂತಿತ್ತು. ಮನೆಯ ಯಜಮಾನರನ್ನು ಒಪ್ಪಿಸಿ, ಕೊಳವೆಯನ್ನು ನಮ್ಮ ಅಂಗಳದತ್ತಲೇ ತಿರುಗಿಸಿ, ಕಲ್ಲು ಮರಳು ತುಂಬಿದ ಗುಂಡಿಯೊಂದರ ಮೂಲಕ ಎರಡು ಬಾಳೆಯ ಬುಡಕ್ಕೆ ಬಿಟ್ಟಿದ್ದೇನೆ. ಹದಿನೈದು ದಿನಕ್ಕೊಮ್ಮೆ ಆ ಗುಂಡಿಯ ಜಿಡ್ಡನ್ನು ತೆಗೆಯಬೇಕು. ಮೊದಲ ಸಲ ಆಳನ್ನು ಕರೆಯೋಣವೆಂದು ಹೊರಟವನು ಹಾದಿಯಿಂದ ಹಿಂತಿರುಗಿ ಬಂದು, ಸಲಿಕೆ ಹಿಡಿದೆ.