ಡಾಕ್ಟರಿಗ್ಯಾಕೆ ಡಾಕ್ಟರೇಟು?

ಎಂಬಿಬಿಎಸ್ ಆಯ್ತು, ಎಂಡಿ ಆಯ್ತು, ಈಗ ಪಿಎಚ್‌ಡಿ ಮಾಡ್ತೀನಿ ಅಂದ್ರೆ ನಮ್ಮ ಹೊಸಪೇಟೆ ಕಡೆ ಜನ ಕೇಳೋದು ಒಂದೇ: "ಆಗ್ಲೇ ಡಾಕ್ಟರ್ ಅದೀಯಲ್ಲವ್ವಾ, ಮತ್ತೇನಾಗ್ತಿ?" ನನ್ನ ಚಿಕ್ಕಪ್ಪನ ಮಗಳಿಗೆ ಹೋದ ವರ್ಷದಿಂದ ಇದೇ ಕಾಟ. ಕ್ಲಿನಿಕ್ ಇಟ್ಟರೆ ತಿಂಗಳಿಗೆ ಎಷ್ಟು ಬರುತ್ತೆ ಅನ್ನೋ ಲೆಕ್ಕವನ್ನ ಮನೆಗೆ ಬಂದವರೆಲ್ಲ ಪುಕ್ಕಟೆ ಹಾಕಿಕೊಡ್ತಾರೆ. ಅವಳು ಆರಿಸಿಕೊಂಡ ವಿಷಯ, ಕಂಪ್ಲಿ ಸೀಮೆಯಲ್ಲಿ ಕಬ್ಬು ಕಡಿಯೋ ಹೆಂಗಸರು ದಿನಕ್ಕೆ ಏನು ತಿಂತಾರೆ, ಅವರಲ್ಲಿ ರಕ್ತ ಎಷ್ಟಿದೆ ಅನ್ನೋದು. "ಇದನ್ನ ತಿಳ್ಕೊಳ್ಳೋಕೆ ಮೂರು ವರ್ಷ ಬೇಕಾ?" ಅಂತ ಚಿಕ್ಕಪ್ಪನೇ ಕೇಳಿದರು.

ಬೇಕು. ಯಾಕೆ ಬೇಕು ಅನ್ನೋದಕ್ಕೆ ನಮ್ಮ ಸೀಮೆಯಲ್ಲೇ ಒಂದು ಹಳೇ ಕಥೆ ಇದೆ.

1876 ಧಾತು ಸಂವತ್ಸರ, ಅದರ ಮುಂದಿನದು ಈಶ್ವರ. ಹಳಬರ ಬಾಯಲ್ಲಿ ಅದು ಧಾತು-ಈಶ್ವರ ಬರ. ಹೊಸಪೇಟೆ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಸಂಡೂರು ಘೋರ್ಪಡೆಯವರ ಸಂಸ್ಥಾನ. ತುಂಗಭದ್ರೆಯ ದಂಡೆಗೆ ವಿಜಯನಗರದ ಕಾಲದ ಕಾಲುವೆಗಳಿದ್ದವು. ಅದರಾಚೆ ಎಲ್ಲ ಮಳೆ ನಂಬಿದ ಭೂಮಿ. ಮಳೆ ಕೈಕೊಟ್ಟಾಗ ಪ್ರಾಂತ್ಯದಲ್ಲೇ ಅತಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಜನ ಕಲ್ಲು ಒಡೆಯೋಕೆ, ರಸ್ತೆ ಹಾಕೋಕೆ ಅಂತ ಸರಕಾರದ ಬರಗಾಲದ ಕಾಮಗಾರಿಗೆ ಹೋದರು.

1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಅನ್ನೋ ಅಧಿಕಾರಿ ವೈಸ್‌ರಾಯ್ ಕಡೆಯಿಂದ ಮದ್ರಾಸಿಗೆ ಬಂದ. ಮೂರು ವರ್ಷ ಹಿಂದೆ ಬಿಹಾರದ ಬರದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನ ಉಳಿಸಿದವನು ಇದೇ ಟೆಂಪಲ್. ಅದಕ್ಕೆ ಅವನು ದುಂದುಗಾರ ಅನ್ನೋ ಬೈಗುಳವನ್ನೂ ತಿಂದ. ಈ ಸಲ ಆ ಹೆಸರು ತೊಳೆದುಕೊಳ್ಳೋ ಅವಸರ. ಕೂಲಿಯನ್ನ ಇಳಿಸಿದ: ದಿನವೆಲ್ಲ ದುಡಿಯೋ ಗಂಡಾಳಿಗೆ ಒಂದು ಪೌಂಡ್ ಧಾನ್ಯ, ಅಂದ್ರೆ ಸುಮಾರು 450 ಗ್ರಾಂ, ಮೇಲೆ ಒಂದಿಷ್ಟು ಕಾಸು. ಹೆಂಗಸರಿಗೆ, ಮಕ್ಕಳಿಗೆ ಇನ್ನೂ ಕಡಿಮೆ. ಇಷ್ಟರಲ್ಲಿ ಜೀವ ಹಿಡಿಯುತ್ತಾ ನೋಡೋಣ ಅನ್ನೋದು ಲೆಕ್ಕ. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ನೇರವಾಗಿ ಪ್ರೊಡಕ್ಷನ್‌ನಲ್ಲೇ ಟೆಸ್ಟ್ ಮಾಡಿದ. ವ್ಯತ್ಯಾಸ ಏನಂದ್ರೆ ಇಲ್ಲಿ ರೋಲ್‌ಬ್ಯಾಕ್ ಇಲ್ಲ.

ಇದನ್ನ ಎದುರಿಸಿ ನಿಂತವನು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ಡಬ್ಲ್ಯು. ಆರ್. ಕಾರ್ನಿಷ್. 1871ರ ಮದ್ರಾಸ್ ಜನಗಣತಿಯ ವರದಿ ಬರೆದವನೂ ಅವನೇ, ಹಾಗಾಗಿ ಅಂಕಿ-ಅಂಶ ಅವನಿಗೆ ಹೊಸದಲ್ಲ. ಮೈಮುರಿದು ದುಡಿಯೋ ದೇಹಕ್ಕೆ ಒಂದೂವರೆ ಪೌಂಡ್ ಧಾನ್ಯವಾದ್ರೂ ಬೇಕು, ಬರೀ ಧಾನ್ಯ ಸಾಲದು, ಬೇಳೆ-ತರಕಾರಿಯೂ ಇರಬೇಕು ಅಂತ ಅವನ ವಾದ. ಟೆಂಪಲ್ ಕಡೆಯವರು ಜನ ನೋಡೋಕೆ ಚೆನ್ನಾಗೇ ಇದ್ದಾರಲ್ಲ ಅಂತಿದ್ದರು. ಕಾರ್ನಿಷ್ ಸಾವಿನ ಲೆಕ್ಕ ತೆಗೆದು ತೋರಿಸಿದ. 1877ರಲ್ಲೇ ಮದ್ರಾಸ್ ಸರಕಾರ ಪಡಿಯನ್ನ ಏರಿಸಿತು, ಬೇಳೆಯನ್ನೂ ಸೇರಿಸಿತು. ಅಷ್ಟೊತ್ತಿಗೆ ತಿಂಗಳುಗಳೇ ಕಳೆದಿದ್ದವು. 1881ರ ಜನಗಣತಿಯಲ್ಲಿ ಬಳ್ಳಾರಿ ಸೀಮೆಯ ಜನಸಂಖ್ಯೆ ಹತ್ತು ವರ್ಷದ ಹಿಂದಿನದಕ್ಕಿಂತ ಕಡಿಮೆ.

ಕಾರ್ನಿಷ್‌ನನ್ನ ದೇವರು ಮಾಡೋದು ಬೇಡ. ಅವನೂ ಸಾಮ್ರಾಜ್ಯದ ನೌಕರನೇ, ಅವನು ಕೇಳಿದ ಒಂದೂವರೆ ಪೌಂಡ್ ಕೂಡ ಹಬ್ಬದೂಟ ಅಲ್ಲ. ಆದರೆ ಕಣ್ಣಂದಾಜಿಗೂ ಎಣಿಸಿ ಹೇಳೋದಕ್ಕೂ ಇರೋ ಅಂತರ ಎಷ್ಟು ಜೀವ ಅನ್ನೋದು ಅಲ್ಲಿ ಕಾಣುತ್ತೆ. ಪಿಎಚ್‌ಡಿ ಅಂದ್ರೆ ಹೆಚ್ಚುಕಡಿಮೆ ಆ ಎಣಿಕೆಯ ತರಬೇತಿ. ಎಂಡಿ ಮಾಡಿದವರು ಎದುರಿಗೆ ಬಂದ ರೋಗಿಯನ್ನ ನೋಡ್ತಾರೆ. ಪಿಎಚ್‌ಡಿ ಮಾಡೋರು ಆಸ್ಪತ್ರೆ ತನಕ ಬರದೇ ಇದ್ದವರನ್ನೂ ಲೆಕ್ಕಕ್ಕೆ ಹಿಡೀಬೇಕು.

ಈ ತರಬೇತಿಯ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದದ್ದೂ ನಮ್ಮ ಕರ್ನಾಟಕದ ಕಥೆಯೇ. 1933ರಲ್ಲಿ ಕಮಲಾ ಭಾಗವತ್, ಆಮೇಲೆ ಕಮಲಾ ಸೊಹೋನಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಹೆಣ್ಣು ಅನ್ನೋ ಕಾರಣಕ್ಕೆ ಬೇಡ ಅಂದರು. ಆಕೆ ಸುಮ್ಮನೆ ವಾಪಸ್ ಹೋಗಲಿಲ್ಲ, ಪಟ್ಟು ಹಿಡಿದು ಕೂತರು. ಒಂದು ವರ್ಷ ಪರೀಕ್ಷಾರ್ಥ ಅನ್ನೋ ಷರತ್ತಿನ ಮೇಲೆ ಸೇರಿಸಿಕೊಂಡರು. ಎಂ. ಶ್ರೀನಿವಾಸಯ್ಯ ಅವರ ಕೈಕೆಳಗೆ ಆಕೆ ಮಾಡಿದ್ದು ಹಾಲು, ಬೇಳೆಕಾಳುಗಳ ಪ್ರೋಟೀನಿನ ಕೆಲಸ. ಕಾರ್ನಿಷ್ ಜಗಳ ಆಡಿದ ಅದೇ ಬೇಳೆ! ಆಮೇಲೆ ಕೇಂಬ್ರಿಜ್‌ಗೆ ಹೋಗಿ 1939ರಲ್ಲಿ ಪಿಎಚ್‌ಡಿ ಪಡೆದರು. ವಿಜ್ಞಾನದಲ್ಲಿ ಪಿಎಚ್‌ಡಿ ಪಡೆದ ಮೊದಲ ಭಾರತೀಯ ಮಹಿಳೆ ಅಂತ ಆಕೆಯನ್ನ ನೆನೆಯೋದು ಅದಕ್ಕೇ. ಆ ಪ್ರಬಂಧ ಬರೀ ನಲವತ್ತು ಪುಟದ್ದು ಅಂತಾರೆ. ಇದನ್ನ ತಂಗಿಗೆ ಹೇಳಿದಾಗ ಬಂದ ಉತ್ತರ: "ನಮ್ಮ ಗೈಡಿಗೆ ದಯವಿಟ್ಟು ನೀನೇ ಹೇಳಣ್ಣ."

ಈಗ ಅವಳ ದಾರಿ ಬೇರೆ. ಬಳ್ಳಾರಿಯಲ್ಲಿ 1961ರಿಂದ ಮೆಡಿಕಲ್ ಕಾಲೇಜಿದೆ, 1996ರಿಂದ ರಾಜ್ಯಕ್ಕೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಇದೆ. ಪ್ರವೇಶ ಪರೀಕ್ಷೆ, ಗೈಡ್, ಸಿನಾಪ್ಸಿಸ್, ಕೋರ್ಸ್‌ವರ್ಕ್ ಎಲ್ಲ ದಾಟಬೇಕು. ಅದಕ್ಕಿಂತ ಮುಖ್ಯವಾದದ್ದು ಎಥಿಕ್ಸ್ ಕಮಿಟಿ. ಅವರ ಒಪ್ಪಿಗೆ ಇಲ್ಲದೆ ಒಬ್ಬ ಹೆಂಗಸಿನ ಬೆರಳಿಗೂ ಸೂಜಿ ಚುಚ್ಚೋ ಹಾಗಿಲ್ಲ. ಟೆಂಪಲ್‌ಗೆ ಇಂಥದ್ದೊಂದು ಕಮಿಟಿ ಇರಲಿಲ್ಲ, ಕಲ್ಲು ಒಡೆಯೋರನ್ನ ಯಾರೂ ಏನೂ ಕೇಳಲಿಲ್ಲ.

ತಂಗಿಯ ಒಪ್ಪಿಗೆ ಪತ್ರದ ಕರಡು ನೋಡಿದೆ. ಏನು ಅಳೀತೀವಿ, ಯಾಕೆ ಅಳೀತೀವಿ, ಬೇಡ ಅನ್ನಿಸಿದರೆ ಯಾವಾಗ ಬೇಕಾದ್ರೂ ಬಿಟ್ಟು ಹೋಗಬಹುದು, ಅದರಿಂದ ನಿಮ್ಮ ಚಿಕಿತ್ಸೆಗೇನೂ ತೊಂದರೆ ಇಲ್ಲ ಅಂತ ಬರೆದಿದೆ. ಬರೆದಿರೋದು ಮಾತ್ರ ಸರಕಾರಿ ಸುತ್ತೋಲೆಯ ಕನ್ನಡದಲ್ಲಿ. ಅದನ್ನ ಕಂಪ್ಲಿ ಕಡೆ ಮಾತಿಗೆ ತರೋ ಕೆಲಸ ನನ್ನ ತಲೆಗೆ ಬಂದಿದೆ. "ಹಿಮೋಗ್ಲೋಬಿನ್" ಇದ್ದ ಜಾಗದಲ್ಲಿ ಏನು ಬರೀಬೇಕು ಅಂತ ಇಬ್ಬರಿಗೂ ಇನ್ನೂ ಜಗಳ ನಡೀತಿದೆ.